ತಾತನ ಫೈಲು ಮತ್ತು 40 ಜಿಬಿ ಡಿಸ್ಕು

ಸಂಕ್ರಾಂತಿ ರಜೆಗೆ ಚನ್ನಪಟ್ಟಣದ ಮನೆಗೆ ಹೋದಾಗ ದೊಡ್ಡಪ್ಪ ಹೇಳಿದ ಮೊದಲ ಮಾತು, "ಕಂಪ್ಯೂಟರ್ ಒಳಗೆ ಏನೋ ಟಕ್ ಟಕ್ ಅಂತಿದೆ, ನೋಡ್ರೋ." 2005ರಲ್ಲಿ ಗೊಂಬೆ ಕೆಲಸದ ಲೆಕ್ಕ ಬರೆಯೋಕೆ ಅಂತ ತಂದ ಪೆಂಟಿಯಮ್ 4 ಅದು. ವಿಂಡೋಸ್ ಎಕ್ಸ್‌ಪಿ, 512 ಎಂಬಿ ರ್‍ಯಾಮ್, 40 ಜಿಬಿ ಹಾರ್ಡ್ ಡಿಸ್ಕ್. ಸಿ ಡ್ರೈವಿನಲ್ಲಿ ಉಳಿದಿದ್ದ ಜಾಗ 200 ಎಂಬಿ. ಊರಿನ ಒಂದು ಅಂಗಡಿಯಲ್ಲಿ ತೋರಿಸಿದ್ದಕ್ಕೆ "ಫಾರ್ಮ್ಯಾಟ್ ಮಾಡಿಸಿ, ಇಲ್ಲಾಂದ್ರೆ ಗುಜರಿಗೆ ಹಾಕಿ" ಅಂದರಂತೆ.

ಹಾಕಬಹುದಿತ್ತು. ಆದರೆ ಅದರೊಳಗೆ ತಾತನ ಫೈಲ್ ಇದೆ. ತಾತ ಆಲೆಮರದ ಗೊಂಬೆ ಕಡೆಯುತ್ತಿದ್ದವರು. ಕಣ್ಣು ಮಂಜಾದ ಮೇಲೆ ಒಂದು ಮಳೆಗಾಲವಿಡೀ ಕೂತು ಯಾವ ಗೊಂಬೆಗೆ ಎಷ್ಟು ಅಳತೆ, ಅರಗಿಗೆ ಅರಿಶಿನ ಎಷ್ಟು ಬೆರೆಸಿದರೆ ಯಾವ ಹಳದಿ ಬರುತ್ತೆ, ತಾಳೆಗರಿಯಲ್ಲಿ ಹೊಳಪು ಕೊಡುವಾಗ ಎಷ್ಟು ಒತ್ತಬೇಕು ಅಂತ ಹೇಳುತ್ತಾ ಹೋದರು, ದೊಡ್ಡಪ್ಪ ನುಡಿಯಲ್ಲಿ ಟೈಪ್ ಮಾಡಿದರು. 61 ಪುಟ. ತಾತ ಈಗಿಲ್ಲ. ಫೈಲಿನ ಇನ್ನೊಂದು ಕಾಪಿಯೂ ಇರಲಿಲ್ಲ.

ನಾವು ಅಂದ್ರೆ ಇಬ್ಬರು, ಈ ಕಾಲೇಜಿನಲ್ಲಿ ಒಬ್ಬರು, ರಾಮನಗರದಲ್ಲಿ ಡಿಪ್ಲೊಮಾ ಓದುವ ಕಸಿನ್ ಒಬ್ಬರು. ಕಾಲೇಜಲ್ಲಿ ಫೈಲ್ ಸಿಸ್ಟಮ್ ಓದಿದ್ದೀವಿ ಅನ್ನೋ ಧೈರ್ಯ ಇತ್ತು, ಅಷ್ಟೇ. ನಿಮ್ಮ ಮನೆಯಲ್ಲೂ ಇಂಥ ಡಬ್ಬ ಒಂದು ಇರಬಹುದು ಅಂತ ಈ ಬರಹ.

ಮೊದಲ ವಿಷಯ: ಟಕ್ ಟಕ್ ಕೇಳಿದ ತಕ್ಷಣ ಆಫ್ ಮಾಡಿ. "ಇನ್ನೊಂದ್ಸಲ ಆನ್ ಮಾಡಿ ನೋಡೋಣ" ಅನ್ನೋದೇ ದೊಡ್ಡ ಶತ್ರು. ಡಿಸ್ಕ್ ಒಳಗಿನ ಹೆಡ್ ಒಂದು ಜಾಗ ಓದೋಕೆ ಆಗದೆ ಮತ್ತೆ ಮತ್ತೆ ವಾಪಸ್ ಹೋಗಿ ಬರುವ ಸದ್ದು ಅದು. ಓಡಿಸಿದಷ್ಟೂ ಸಾವು ಹತ್ತಿರ. ಎಕ್ಸ್‌ಪಿ ಬೂಟ್ ಆದರೆ ಸುಮ್ಮನಿರಲ್ಲ, ಪೇಜ್‌ಫೈಲು, ಲಾಗು ಅಂತ ಬರೀತಾನೇ ಇರುತ್ತೆ. ಹಾಗಾಗಿ ಡಿಸ್ಕನ್ನು ಬಿಚ್ಚಿ ನಮ್ಮ ಲಿನಕ್ಸ್ ಲ್ಯಾಪ್‌ಟಾಪಿಗೆ ಹಾಕಿ ಓದೋದು ಅಂತ ತೀರ್ಮಾನ.

ಹಳೇದು ಐಡಿಇ ಡಿಸ್ಕ್, ಅಗಲವಾದ ರಿಬ್ಬನ್ ಕೇಬಲ್‌ನದ್ದು. ಯುಎಸ್‌ಬಿಗೆ ಬದಲಿಸುವ ಅಡಾಪ್ಟರ್ ಚನ್ನಪಟ್ಟಣದಲ್ಲಿ ಸಿಗಲಿಲ್ಲ, ರೈಲು ಹತ್ತಿ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದ್ವಿ. ತಗೊಳ್ಳುವಾಗ 12 ವೋಲ್ಟ್ ಪವರ್ ಅಡಾಪ್ಟರ್ ಜೊತೆಗಿದೆಯಾ ನೋಡಿ. ದೊಡ್ಡ ಡಿಸ್ಕ್ ತಿರುಗೋಕೆ ಯುಎಸ್‌ಬಿಯ 5 ವೋಲ್ಟ್ ಸಾಲದು. ಡಿಸ್ಕ್ ಹಿಂದಿನ ಪುಟ್ಟ ಜಂಪರ್ ಮಾಸ್ಟರ್ ಜಾಗದಲ್ಲಿರಲಿ. ನಮಗೆ ಇದು ಗೊತ್ತಿಲ್ಲದೆ ಅರ್ಧ ಗಂಟೆ ಅಡಾಪ್ಟರನ್ನೇ ಬೈದ್ವಿ.

ಹೊಸ ಡಿಸ್ಕ್ 500 ಜಿಬಿಯ ಸಾಟಾ. ಮದರ್‌ಬೋರ್ಡಿನಲ್ಲಿ ಎರಡು ಸಾಟಾ ಪೋರ್ಟ್ ಇದ್ದವು, ಇಷ್ಟು ವರ್ಷ ಯಾರೂ ಮುಟ್ಟಿರಲಿಲ್ಲ. ಆದರೆ ದೊಡ್ಡ ಡಿಸ್ಕನ್ನು ಎಕ್ಸ್‌ಪಿ ಒಪ್ಪುತ್ತಾ? ಇಲ್ಲೊಂದು ಲೆಕ್ಕ ಇದೆ. ಹಳೇ ವ್ಯವಸ್ಥೆಯಲ್ಲಿ ಸೆಕ್ಟರ್ ನಂಬರಿಗೆ 28 ಬಿಟ್. ಅಂದರೆ 26,84,35,456 ಸೆಕ್ಟರ್. ಒಂದೊಂದು 512 ಬೈಟ್. ಗುಣಿಸಿದರೆ ಸುಮಾರು 137 ಜಿಬಿ. ಅದರಾಚೆ ಬರೆಯೋಕೆ ಹೋದರೆ ನಂಬರ್ ಸುತ್ತಿ ಬಂದು ಡಿಸ್ಕಿನ ಶುರುವಿನ ಮೇಲೇ ಬರೆದುಬಿಡಬಹುದು! 48 ಬಿಟ್‌ನ ವಿಳಾಸ ಎಕ್ಸ್‌ಪಿಗೆ ಸರ್ವೀಸ್ ಪ್ಯಾಕ್ 1ರಿಂದ ಬಂತು. ನಮ್ಮದರಲ್ಲಿ ಸರ್ವೀಸ್ ಪ್ಯಾಕ್ 2 ಇತ್ತು, ಬಚಾವ್.

ಇನ್ನು ಕಾಪಿ. ಫೈಲ್‌ಗಳನ್ನು ಎಳೆದು ಹಾಕಿದರೆ ಡೇಟಾ ಬರುತ್ತೆ, ಬೂಟ್ ಆಗುವ ಎಕ್ಸ್‌ಪಿ ಬರಲ್ಲ. ಮೇಲಾಗಿ ಕೆಟ್ಟ ಸೆಕ್ಟರ್ ಸಿಕ್ಕ ಕಡೆ ಕಾಪಿ ನಿಂತುಹೋಗುತ್ತೆ. ಸೆಕ್ಟರ್ ಸೆಕ್ಟರ್ ಆಗಿ ಎತ್ತಬೇಕು. ಎಲ್ಲರಿಗೂ ಗೊತ್ತಿರೋ ಡಿಡಿ ಕಮಾಂಡ್ ಬೇಡ, ಗ್ನೂ ಡಿಡಿ-ರೆಸ್ಕ್ಯೂ ಬಳಸಿ. ಅದು ಮೊದಲು ಸುಲಭವಾಗಿ ಸಿಗುವ ಜಾಗವನ್ನೆಲ್ಲ ಎತ್ತಿಕೊಂಡು, ಕಷ್ಟದ್ದನ್ನು ಕೊನೆಗೆ ಇಟ್ಟುಕೊಳ್ಳುತ್ತೆ. ಪರೀಕ್ಷೆಯಲ್ಲಿ ನಾವು ಮಾಡೋದೂ ಅದೇ ತಾನೆ. ಯಾವುದು ಬಂತು, ಯಾವುದು ಬರಲಿಲ್ಲ ಅಂತ ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತೆ. ಕರೆಂಟ್ ಹೋದರೂ ಬಿಟ್ಟಲ್ಲಿಂದ ಮುಂದುವರಿಸಬಹುದು. ನಮಗೆ ಎರಡು ಸಲ ಹೋಯ್ತು.

ಎಂಟರ್ ಒತ್ತೋ ಮುಂಚೆ ಯಾವುದು ಹಳೇದು, ಯಾವುದು ಹೊಸದು ಅಂತ ಮೂರು ಸಲ ನೋಡಿ. ಉಲ್ಟಾ ಕೊಟ್ಟರೆ ಖಾಲಿ ಡಿಸ್ಕ್ ತಾತನ ಫೈಲ್ ಮೇಲೆ ಬರೆದುಕೊಳ್ಳುತ್ತೆ, ಆಮೇಲೆ ಯಾವ ರೆಸ್ಕ್ಯೂನೂ ಇಲ್ಲ. ನಾವು ಅಳತೆ ನೋಡಿ ಗುರುತಿಸಿದ್ವಿ: ಲಿನಕ್ಸ್ ಒಂದನ್ನು 37.3, ಇನ್ನೊಂದನ್ನು 465.8 ಅಂತ ತೋರಿಸಿತು. ಅಂಗಡಿಯವರು ಮೋಸ ಮಾಡಿಲ್ಲ. ಕಂಪನಿ ಜಿಬಿ ಅಂದರೆ ನೂರು ಕೋಟಿ ಬೈಟ್, ಕಂಪ್ಯೂಟರ್ ಇಲ್ಲಿ ಎಣಿಸಿದ್ದು 107,37,41,824ರ ಲೆಕ್ಕದಲ್ಲಿ.

ಮೊದಲ ಸುತ್ತು ಮುಕ್ಕಾಲು ಗಂಟೆಯೊಳಗೆ ಮುಗಿದು ಹೆಚ್ಚುಕಮ್ಮಿ ಎಲ್ಲಾ ಬಂತು. ಉಳಿದ ಚೂರಿಗೆ ರಾತ್ರಿಯಿಡೀ ಓಡಿತು. ದೊಡ್ಡಮ್ಮ ಎರಡು ಸಲ ಎದ್ದು ಬಂದು "ಬಂತಾ?" ಅಂತ ಕೇಳಿ ಹೋದರು. ಬೆಳಿಗ್ಗೆ ನೋಡಿದರೆ 192 ಸೆಕ್ಟರ್, ಅಂದರೆ 96 ಕೆಬಿ, ಬರಲೇ ಇಲ್ಲ. ಕೇಳೋಕೆ ಏನೂ ಅಲ್ಲ. ಆದರೆ ತಾತನ ಫೈಲೇ ಅದರ ಮೂರು ಪಟ್ಟು ಇರಲಿಲ್ಲ.

ಯಾವ ಫೈಲ್ ಹೋಯ್ತು ಅಂತ ತಿಳಿಯೋಕೆ ಒಂದು ಚೆಂದದ ಉಪಾಯ ಇದೆ. ಡಿಡಿ-ರೆಸ್ಕ್ಯೂನಲ್ಲಿ ಫಿಲ್ ಮೋಡ್ ಅಂತ ಇದೆ. ಮ್ಯಾಪ್ ನೋಡಿಕೊಂಡು, ಹೊಸ ಡಿಸ್ಕಿನಲ್ಲಿ ಕೆಟ್ಟ ಜಾಗಗಳಲ್ಲಿ ಮಾತ್ರ ನಾವು ಕೊಟ್ಟ ವಿಚಿತ್ರ ಪದವೊಂದನ್ನು ತುಂಬುತ್ತೆ. ಆಮೇಲೆ ಆ ಪದ ಇರುವ ಫೈಲ್‌ಗಳನ್ನು ಗ್ರೆಪ್‌ನಲ್ಲಿ ಹುಡುಕಿದರೆ ಆಯ್ತು. ಮೂರು ಸಿಕ್ಕವು. ಪೇಜ್‌ಫೈಲು, ಅದು ಹೋದರೆ ಹೋಗಲಿ. ಒಂದು ಸಿನಿಮಾ ಹಾಡು. ಮತ್ತೆ ಮಾಗಡಿ ರಂಗನಾಥಸ್ವಾಮಿ ತೇರಿಗೆ ಹೋದಾಗ ತೆಗೆದ ಫೋಟೊ. ಅದರಲ್ಲಿ ಈಗ ತೇರಿನ ಮೇಲ್ಭಾಗ ಇದೆ, ತಾತ, ಕನಕಪುರದ ಅತ್ತೆ ಎಲ್ಲಾ ನಿಂತಿದ್ದ ಕೆಳಗಿನ ಅರ್ಧ ಬೂದಿ ಬಣ್ಣ. ಅತ್ತೆಗೆ ಫೋನ್ ಮಾಡಿ ಹೇಳೋ ಕೆಲಸ ಕಸಿನ್ ಪಾಲಿಗೆ ಬಂತು. 61 ಪುಟ ಪೂರ್ತಿ ಬಂದಿತ್ತು.

ಹೊಸ ಡಿಸ್ಕ್ ಒಂದನ್ನೇ ಕಂಪ್ಯೂಟರಿಗೆ ಹಾಕಿ ಬೂಟ್ ಮಾಡಿ. ಎರಡೂ ಡಿಸ್ಕ್ ಇದ್ದರೆ ಎಕ್ಸ್‌ಪಿ ಹೊಸದಕ್ಕೆ ಬೇರೆ ಡ್ರೈವ್ ಅಕ್ಷರ ಕೊಟ್ಟು, ಲಾಗಿನ್ ಕೂಡ ಆಗದ ಹಾಗೆ ಗೊಂದಲ ಮಾಡಿಕೊಳ್ಳಬಹುದು. ಬಯೋಸ್‌ನಲ್ಲಿ ಸಾಟಾ ಲೆಗಸಿ ಅಥವಾ ಐಡಿಇ ಮೋಡ್‌ನಲ್ಲಿರಲಿ, ಇಲ್ಲದಿದ್ದರೆ ನೀಲಿ ಪರದೆ ದರ್ಶನ.

ಕ್ಲೋನ್ ಆದ ಮೇಲೂ ಸಿ ಡ್ರೈವ್ 40 ಜಿಬಿಯೇ ಇರುತ್ತೆ, ಮಿಕ್ಕ ಜಾಗ ಖಾಲಿ. ಜಿಪಾರ್ಟೆಡ್‌ನಲ್ಲಿ ಹಿಗ್ಗಿಸಬಹುದು. ಇಲ್ಲೊಂದು ಕೊಕ್ಕೆ ಇದೆ. ಎಕ್ಸ್‌ಪಿ ಪಾರ್ಟಿಷನ್ ಶುರು ಮಾಡೋದು 63ನೇ ಸೆಕ್ಟರಿನಿಂದ. ಹೊಸ ಡಿಸ್ಕ್ ಒಳಗೆ ನಿಜವಾದ ಸೆಕ್ಟರ್ 4096 ಬೈಟ್, ಅಂದರೆ ಹಳೆಯ ಎಂಟು ಸೇರಿ ಒಂದು. 63 ಎಂಟರಿಂದ ಭಾಗ ಆಗಲ್ಲ. ಹಾಗಾಗಿ ಒಂದೊಂದು ಕ್ಲಸ್ಟರೂ ಎರಡು ಸೆಕ್ಟರಿನ ಮೇಲೆ ಕಾಲು ಹಾಕಿ ಕೂರುತ್ತೆ, ಬರೆಯೋದು ನಿಧಾನ ಆಗುತ್ತೆ. ಸರಿಸಿ ಕೂರಿಸಬಹುದು, ಆದರೆ ಆಗ ಬೂಟ್ ಸೆಕ್ಟರಿನ ಒಂದು ನಂಬರನ್ನೂ ತಿದ್ದಬೇಕು, ಇಲ್ಲಾಂದ್ರೆ ಎಕ್ಸ್‌ಪಿ ಏಳಲ್ಲ. ನಾವು ಸಿ ಡ್ರೈವನ್ನು ಮುಟ್ಟಲಿಲ್ಲ. ಉಳಿದ ಜಾಗದಲ್ಲಿ 2048ರ ಗುಣಕದಿಂದ ಶುರುವಾಗುವ ಡಿ ಡ್ರೈವ್ ಮಾಡಿ ಫೋಟೊ, ಲೆಕ್ಕ ಎಲ್ಲಾ ಅಲ್ಲಿಗೆ ಸಾಗಿಸಿದ್ವಿ. ಇಂಟರ್ನೆಟ್ ಕೇಬಲ್ ಕಿತ್ತಿಟ್ಟಿದ್ದೀವಿ, ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ 2014ರ ಏಪ್ರಿಲ್‌ಗೇ ಮುಗಿದಿದೆ.

ಮುಗೀತು ಅಂದುಕೊಂಡು ತಾತನ ಫೈಲನ್ನು ಲ್ಯಾಪ್‌ಟಾಪಿನಲ್ಲಿ ತೆರೆದರೆ ಒಂದಕ್ಷರ ಕನ್ನಡ ಇಲ್ಲ! ಇಂಗ್ಲಿಷಿನ ಪಿ, ತಲೆ ಮೇಲೆ ಗೆರೆ ಇರೋ ಎ, ಪೌಂಡ್ ಗುರುತು. ಹಳೇ ನುಡಿ ಕನ್ನಡವನ್ನು ಕನ್ನಡ ಅಂತ ಉಳಿಸುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳ ಚಿತ್ರ ಇಟ್ಟ ಫಾಂಟ್ ಅದು. ಫಾಂಟ್ ಹಾಕಿದರೆ ಕನ್ನಡ, ತೆಗೆದರೆ ಕಸ. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ, ಕೆಲಸವೂ ಮಾಡುತ್ತವೆ. ಆದರೆ ಅರ್ಕಾವತ್ತು ನೋಡಿಕೊಳ್ಳಿ. 'ವರ್ಣ' ಪದದಲ್ಲಿ ನುಡಿ ಅರ್ಕಾವತ್ತನ್ನು ಕಾಣುವ ಹಾಗೆ ಣ ಆದ ಮೇಲೆ ಇಡುತ್ತೆ. ಯೂನಿಕೋಡ್‌ನಲ್ಲಿ ಉಚ್ಚಾರದ ಹಾಗೆ ರ ಮೊದಲು. ಹಿಂದೆ ಮುಂದೆ ಆಗುವುದು ಅಲ್ಲೇ. ಬಣ್ಣದ ಫೈಲಾದ್ದರಿಂದ 'ವರ್ಣ' ತುಂಬಾ ಸಲ ಬಂದಿತ್ತು, ಎಲ್ಲಾ ಕೈಯಲ್ಲಿ ನೋಡಿದ್ವಿ. ಇಂಗ್ಲಿಷ್ ಮೀಡಿಯಮ್ ನಮಗೆ ಅಷ್ಟು ಕನ್ನಡ ಒಟ್ಟಿಗೆ ಓದಿದ್ದು ಅದೇ ಮೊದಲು.

ಮೊದಲ ಪುಟದಲ್ಲಿ ವಿಳಾಸ ಹೀಗಿದೆ: ಚನ್ನಪಟ್ಟಣ, ಬೆಂಗಳೂರು ಗ್ರಾಮಾಂತರ ಜಿಲ್ಲೆ. ರಾಮನಗರ ಜಿಲ್ಲೆ ಆಗಿದ್ದು 2007ರಲ್ಲಿ, ಅಂದರೆ ತಾತ ಹೇಳೋಕೆ ಶುರು ಮಾಡಿದ್ದು ಅದಕ್ಕಿಂತ ಮುಂಚೆ. ವಿಳಾಸ ತಿದ್ದೋಣ್ವಾ ಅಂತ ಕೇಳಿದ್ವಿ. ದೊಡ್ಡಪ್ಪ ಬೇಡ ಅಂದ್ರು. ಈಗ ಆ ಫೈಲ್ ಹೊಸ ಡಿಸ್ಕಿನಲ್ಲಿ, ನಮ್ಮಿಬ್ಬರ ಲ್ಯಾಪ್‌ಟಾಪಿನಲ್ಲಿ, ಒಂದು ಪೆನ್‌ಡ್ರೈವಿನಲ್ಲಿ ಇದೆ. ದೊಡ್ಡಪ್ಪ ಮಾತ್ರ ಬಸ್ ಸ್ಟ್ಯಾಂಡ್ ಹತ್ತಿರ ಹೋಗಿ 61 ಪುಟ ಪ್ರಿಂಟ್ ತೆಗೆಸಿ, ಬೈಂಡ್ ಮಾಡಿಸಿ, ಹಳೇ ಡಿಸ್ಕಿನ ಜೊತೆ ಬೀರುವಿನಲ್ಲಿ ಇಟ್ಟಿದ್ದಾರೆ.