ಹಾಫ್ ಹೆಲ್ಮೆಟ್ ಹಾಕಿದ್ರೆ ಉಳಿಯೋದು ಐನೂರು ರೂಪಾಯಿ ಮಾತ್ರ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇಯರ್‌ಫೋನ್ ಹಾಕ್ಕೊಂಡು ಗಾಡಿ ಓಡಿಸ್ತಾ ಇದನ್ನ ಕೇಳ್ತಿದ್ದೀರಾ? ಹಾಗಿದ್ರೆ ಮೊದಲು ಗಾಡಿ ಪಕ್ಕಕ್ಕೆ ಹಾಕಿ, ಆಫ್ ಮಾಡಿ. ಮನೆಗೆ ಹೋದ್ಮೇಲೆ ಕೇಳಿದ್ರೂ ನಡೆಯುತ್ತೆ. ಸಂಚಿಕೆ ಎಲ್ಲೂ ಓಡಿಹೋಗಲ್ಲ.

ಇವತ್ತಿನ ವಿಷಯ ಹೆಲ್ಮೆಟ್. "ಅಯ್ಯೋ, ಗೊತ್ತಿರೋದೇ ಬಿಡಿ" ಅಂತ ಸ್ಕಿಪ್ ಮಾಡೋಕೆ ಹೋಗ್ಬೇಡಿ. ನನಗೂ ಎಲ್ಲಾ ಗೊತ್ತು ಅಂತಾನೇ ಅಂದ್ಕೊಂಡಿದ್ದೆ.

ಎರಡು ವರ್ಷದ ಹಿಂದೆ ಒಂದು ಭಾನುವಾರ ಬೆಳಿಗ್ಗೆ ಅಮ್ಮನನ್ನ ಸ್ಕೂಟರ್‌ನಲ್ಲಿ ಕೂರಿಸ್ಕೊಂಡು ದೇವಸ್ಥಾನಕ್ಕೆ ಹೊರಟಿದ್ದೆ. ಮನೆಯಿಂದ ಒಂದೂವರೆ ಕಿಲೋಮೀಟರ್ ಅಷ್ಟೇ. ನನ್ನ ತಲೆ ಮೇಲೆ ಒಳ್ಳೆ ಫುಲ್ ಫೇಸ್ ಹೆಲ್ಮೆಟ್. ಅಮ್ಮನ ಹಾಫ್ ಹೆಲ್ಮೆಟ್ ಅವರ ಮೊಣಕೈಯಲ್ಲಿ ನೇತಾಡ್ತಿತ್ತು. "ಹೂ ಮುಡ್ಕೊಂಡಿದೀನಿ ಕಣೋ, ಇಷ್ಟು ಹತ್ರಕ್ಕೆ ಯಾಕೆ? ಮೇನ್ ರೋಡ್ ಬಂದಾಗ ಹಾಕ್ಕೋತೀನಿ ಬಿಡು" ಅಂದ್ರು. ನಾನೂ ಸರಿ ಅಂದೆ. ಎರಡನೇ ತಿರುವಿನಲ್ಲಿ ಬಣ್ಣ ಬಳಿಯದ ಒಂದು ಹಂಪ್ ಇತ್ತು. ನನ್ನ ಸ್ಪೀಡ್ ಇಪ್ಪತ್ತು ದಾಟಿರಲಿಲ್ಲ. ಗಾಡಿ ಎಗರಿತು, ನಾನು ಬೀಳಲಿಲ್ಲ. ಒಂದೇ ಕಡೆ ಕಾಲು ಹಾಕಿ ಕೂತಿದ್ದ ಅಮ್ಮ ಹಿಂದಕ್ಕೆ ಬಿದ್ರು.

ಏಳು ಹೊಲಿಗೆ, ಒಂದು ರಾತ್ರಿ ಆಸ್ಪತ್ರೆ. ಜೀವಕ್ಕೆ ಏನೂ ಆಗಲಿಲ್ಲ. ಆದ್ರೆ ಆಮೇಲೆ ಹಲವು ತಿಂಗಳು ಅಮ್ಮನಿಗೆ ವಾಸನೆ ಗೊತ್ತಾಗ್ತಿರಲಿಲ್ಲ. ಒಗ್ಗರಣೆ ಸೀದು ಮನೆ ತುಂಬಾ ಹೊಗೆ ಆದ್ರೂ ಕಣ್ಣಿಗೆ ಕಂಡ ಮೇಲೇ ತಿಳೀತಿತ್ತು. ತಲೆಯ ಹಿಂಭಾಗಕ್ಕೆ ಪೆಟ್ಟು ಬಿದ್ದಾಗ ಮೂಗಿನಿಂದ ಮಿದುಳಿಗೆ ಹೋಗುವ ಸೂಕ್ಷ್ಮ ನರಗಳಿಗೆ ಏಟಾಗಬಹುದು ಅಂತ ಡಾಕ್ಟರ್ ಹೇಳಿದ್ರು. ಇಪ್ಪತ್ತರ ಸ್ಪೀಡ್‌ನಲ್ಲಿ ಇಷ್ಟೆಲ್ಲಾ ಆಗುತ್ತಾ ಅಂತ ಅವತ್ತಿಂದ ತಲೆ ಕೆಡಿಸ್ಕೊಂಡು ಓದಿದ್ದೇ ಇವತ್ತಿನ ಸಂಚಿಕೆ.

ಸ್ಪೀಡ್ ಅಲ್ಲ, ಎತ್ತರ

ನಾವೆಲ್ಲ ಹೇಳೋ ಮಾತು: "ನಾನು ಸ್ಲೋ ಆಗೇ ಓಡಿಸ್ತೀನಿ." ಆದರೆ ಗಾಡಿಯಿಂದ ಬಿದ್ದಾಗ ತಲೆ ನೆಲಕ್ಕೆ ಬಡಿಯುವ ಜೋರು ಬಹಳ ಸಲ ಸ್ಪೀಡೋಮೀಟರ್ ಮೇಲೆ ನಿಂತಿರುವುದಿಲ್ಲ. ನಿಮ್ಮ ತಲೆ ನೆಲದಿಂದ ಎಷ್ಟು ಎತ್ತರದಲ್ಲಿತ್ತು ಅನ್ನೋದರ ಮೇಲೆ ನಿಂತಿರುತ್ತದೆ.

ಸ್ಕೂಟರ್ ಮೇಲೆ ಕೂತವರ ತಲೆ ನೆಲದಿಂದ ಸುಮಾರು ಒಂದೂವರೆ ಮೀಟರ್ ಮೇಲಿರುತ್ತದೆ. ಅಲ್ಲಿಂದ ನೆಲ ತಲುಪೋಕೆ ಅರ್ಧ ಸೆಕೆಂಡ್ ಸ್ವಲ್ಪ ಮೀರುತ್ತದೆ ಅಷ್ಟೇ. ಅಷ್ಟರಲ್ಲೇ ತಲೆಯ ವೇಗ ಗಂಟೆಗೆ ಸುಮಾರು 20 ಕಿಲೋಮೀಟರ್ ಆಗಿರುತ್ತದೆ. ಗಾಡಿ 60ರಲ್ಲಿ ಹೋಗ್ತಿರಲಿ, 20ರಲ್ಲಿ ಹೋಗ್ತಿರಲಿ, ಸಿಗ್ನಲ್‌ನಲ್ಲಿ ನಿಂತೇ ಇರಲಿ, ಮೇಲಿಂದ ಕೆಳಕ್ಕೆ ಬೀಳುವ ಈ ವೇಗ ಬದಲಾಗೋದಿಲ್ಲ. ಲಾರಿಗೋ ಕಂಬಕ್ಕೋ ನೇರವಾಗಿ ಗುದ್ದಿದರೆ ಲೆಕ್ಕವೇ ಬೇರೆ, ಅಲ್ಲಿ ಸ್ಪೀಡ್ ಕೊಲ್ಲುತ್ತದೆ. ಆದರೆ "ಇಲ್ಲೇ ಹತ್ರ", "ಗಲ್ಲಿ ಒಳಗೆ ತಾನೇ" ಅನ್ನೋ ನೆಪಗಳು ಈ ಒಂದೂವರೆ ಮೀಟರ್ ಮುಂದೆ ನಿಲ್ಲಲ್ಲ.

ಒಳಗಿರೋ ಥರ್ಮೋಕೋಲ್ ಏನು ಮಾಡುತ್ತೆ?

ಕ್ರಿಕೆಟ್‌ನಲ್ಲಿ ಜೋರಾಗಿ ಬಂದ ಕ್ಯಾಚ್ ಹಿಡಿಯುವಾಗ ಕೈಯನ್ನ ಹಿಂದಕ್ಕೆ ಎಳೆದುಕೊಳ್ಳುತ್ತೀವಿ, ಅಲ್ವಾ? ಚೆಂಡು ನಿಲ್ಲೋಕೆ ಸ್ವಲ್ಪ ದೂರ ಕೊಟ್ಟರೆ ಕೈ ನೋಯಲ್ಲ. ಹೆಲ್ಮೆಟ್ ತಲೆಗೆ ಮಾಡೋದೂ ಇದನ್ನೇ.

ಹೊರಗಿನ ಗಟ್ಟಿ ಚಿಪ್ಪು ಪೆಟ್ಟನ್ನು ಅಗಲಕ್ಕೆ ಹರಡುತ್ತದೆ, ಚೂಪಾದ ಕಲ್ಲು ಒಳಗೆ ನುಗ್ಗದಂತೆ ತಡೆಯುತ್ತದೆ. ಜೀವ ಉಳಿಸುವ ಮುಖ್ಯ ಕೆಲಸ ಒಳಗಿನ ದಪ್ಪ ಥರ್ಮೋಕೋಲ್ ಪದರದ್ದು. ಇದರ ಹೆಸರು ಇಪಿಎಸ್. ಟಿವಿ ಪ್ಯಾಕಿಂಗ್‌ನಲ್ಲಿ ಬರುವ ವಸ್ತುವೇ, ಆದರೆ ಹೆಚ್ಚು ಗಟ್ಟಿ. ಪೆಟ್ಟು ಬಿದ್ದಾಗ ಅದು ಪುಡಿಯಾಗುತ್ತಾ ತಲೆಗೆ ನಿಲ್ಲಲು ಜಾಗ ಕೊಡುತ್ತದೆ.

ಇದಕ್ಕೆ ಒಂದು ಸುಲಭ ಲೆಕ್ಕ ಇದೆ. ಬಿದ್ದ ಎತ್ತರವನ್ನು ತಲೆ ನಿಲ್ಲಲು ಸಿಕ್ಕ ದೂರದಿಂದ ಭಾಗಿಸಿ. ಎತ್ತರ 150 ಸೆಂಟಿಮೀಟರ್, ಥರ್ಮೋಕೋಲ್ ಕುಗ್ಗಿದ್ದು ಎರಡೂವರೆ ಸೆಂಟಿಮೀಟರ್ ಅಂದ್ಕೊಳ್ಳಿ. 150 ಭಾಗಿಸು 2.5, ಅಂದರೆ 60. ತಲೆ ಮೇಲೆ ಗುರುತ್ವದ 60 ಪಟ್ಟು ಒತ್ತಡ. ತಲೆ ತಿರುಗಬಹುದು, ಬದುಕಿಕೊಳ್ತೀರಿ. ಅದೇ ತಲೆ ಬರೀ 3 ಮಿಲಿಮೀಟರ್‌ನಲ್ಲಿ ನಿಂತರೆ? ಲೆಕ್ಕ 500 ಪಟ್ಟಿಗೆ ಹೋಗುತ್ತದೆ. ಬುರುಡೆ ನಿಂತರೂ ಒಳಗಿನ ಮಿದುಳು ಮುಂದಕ್ಕೆ ನುಗ್ಗಿ ಮೂಳೆಗೆ ಬಡಿಯುತ್ತದೆ.

ಈಗ ಫುಟ್‌ಪಾತ್‌ನಲ್ಲಿ ಸಿಗುವ ಹಾಫ್ ಹೆಲ್ಮೆಟ್ ತಗೊಂಡು ಒಳಗೆ ಬೆರಳು ಹಾಕಿ ನೋಡಿ. ತೆಳು ಪ್ಲಾಸ್ಟಿಕ್, ಅದಕ್ಕೆ ಅಂಟಿಸಿದ ಒಂದು ಸ್ಪಂಜ್. ಸ್ಪಂಜ್ ಮೆತ್ತಗಿರುತ್ತದೆ ನಿಜ, ಆದರೆ ಒಂದೇ ಏಟಿಗೆ ಚಪ್ಪಟೆ. ತಲೆಗೆ ಸಿಗೋದು ಆ ಮೂರು ಮಿಲಿಮೀಟರ್ರೇ. ಕಿವಿಯ ಮೇಲ್ಭಾಗ, ತಲೆಯ ಹಿಂಭಾಗ ಪೂರ್ತಿ ಖಾಲಿ. ಅಮ್ಮ ಅವತ್ತು ಅದನ್ನ ತಲೆಗೆ ಹಾಕಿದ್ದರೂ ಪೆಟ್ಟು ಬಿದ್ದ ಜಾಗ ಅದರ ಕೆಳಗೇ ಇತ್ತು.

ಮುಖ ಮುಚ್ಚದ ಹೆಲ್ಮೆಟ್ ಬಗ್ಗೆಯೂ ಒಂದು ಮಾತು. ಅಪಘಾತಕ್ಕೆ ಸಿಕ್ಕ ಹೆಲ್ಮೆಟ್‌ಗಳನ್ನು ಪರೀಕ್ಷಿಸಿದ ಜರ್ಮನಿಯ ಒಂದು ಪ್ರಸಿದ್ಧ ಅಧ್ಯಯನದಲ್ಲಿ ಸುಮಾರು ಮೂರನೇ ಒಂದು ಭಾಗ ಪೆಟ್ಟುಗಳು ಗದ್ದದ ಸುತ್ತಲೇ ಬಿದ್ದಿದ್ದವು. ಹಾಗಾಗಿ ಆಯ್ಕೆ ಇದ್ದರೆ ಫುಲ್ ಫೇಸ್ ತಗೊಳ್ಳಿ.

ಒಂದು ಸಾವಿನಿಂದ ಶುರುವಾದ ಸಂಶೋಧನೆ

"ಲಾರೆನ್ಸ್ ಆಫ್ ಅರೇಬಿಯಾ" ಸಿನಿಮಾ ಹೆಸರು ಕೇಳಿರ್ತೀರಿ. ಆ ನಿಜವಾದ ಟಿ.ಇ. ಲಾರೆನ್ಸ್‌ಗೆ ಬೈಕ್ ಅಂದ್ರೆ ಪ್ರಾಣ. 1935ರ ಮೇ ತಿಂಗಳಲ್ಲಿ ಇಂಗ್ಲೆಂಡ್‌ನ ಹಳ್ಳಿ ರಸ್ತೆಯಲ್ಲಿ ಸೈಕಲ್ ಮೇಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಬಿದ್ದರು. ತಲೆ ಮೇಲೆ ಏನೂ ಇರಲಿಲ್ಲ. ಆರು ದಿನದ ನಂತರ ತೀರಿಕೊಂಡರು, ವಯಸ್ಸು 46. ಅವರನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ನರಶಸ್ತ್ರಚಿಕಿತ್ಸಕ ಒಬ್ಬರು. ಆ ಸಾವು ಅವರನ್ನು ಕಾಡಿತು. ಬೈಕ್ ಸವಾರರ ತಲೆಪೆಟ್ಟುಗಳ ದಾಖಲೆ ಕೂಡಿಹಾಕಿ, ಹೆಲ್ಮೆಟ್ ಎಷ್ಟು ಮುಖ್ಯ ಅಂತ 1941ರಲ್ಲಿ ಪ್ರಬಂಧ ಪ್ರಕಟಿಸಿದರು. ಅದೇ ವರ್ಷ ಬ್ರಿಟಿಷ್ ಸೇನೆ ತನ್ನ ಬೈಕ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಅಲ್ಲಿನ ಜನಸಾಮಾನ್ಯರಿಗೆ ಕಡ್ಡಾಯವಾಗಿದ್ದು 1973ರಲ್ಲಿ.

ಆಮೇಲೆ ಬಂದ ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಸಿಕ್ಕ ಲೆಕ್ಕ ಇದು: ಹೆಲ್ಮೆಟ್ ಸಾವಿನ ಸಾಧ್ಯತೆಯನ್ನು ಸುಮಾರು 42 ಪರ್ಸೆಂಟ್, ತಲೆಪೆಟ್ಟಿನ ಸಾಧ್ಯತೆಯನ್ನು ಸುಮಾರು 69 ಪರ್ಸೆಂಟ್ ಕಡಿಮೆ ಮಾಡುತ್ತದೆ.

ಹಿಂದೆ ಕೂತವರ ಲೆಕ್ಕ

ಕೇಂದ್ರ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತದಿಂದ ಸತ್ತವರು 1,68,491 ಜನ. ಅವರಲ್ಲಿ ಸುಮಾರು 44 ಪರ್ಸೆಂಟ್ ದ್ವಿಚಕ್ರ ವಾಹನದವರು. ಹೆಲ್ಮೆಟ್ ಹಾಕದೆ ಸತ್ತವರು 50,029. ಈಗ ಇದನ್ನು ಗಮನಿಸಿ: ಆ 50 ಸಾವಿರದಲ್ಲಿ 14,337 ಮಂದಿ ಹಿಂದೆ ಕೂತವರು. ಯಾರೋ ಅಮ್ಮ, ಯಾರೋ ತಂಗಿ, ಯಾರೋ ಫ್ರೆಂಡು.

ಹಿಂದೆ ಕೂತವರಿಗೆ ಹಿಡ್ಕೊಳ್ಳೋಕೆ ಹ್ಯಾಂಡಲ್ ಇಲ್ಲ, ಮುಂದಿರೋ ಗುಂಡಿ ಕಾಣಲ್ಲ, ಬ್ರೇಕ್ ಯಾವಾಗ ಬೀಳುತ್ತೆ ಗೊತ್ತಿರಲ್ಲ. ಆದ್ರೂ ಮನೆಯ ಒಳ್ಳೆ ಹೆಲ್ಮೆಟ್ ಓಡಿಸೋರಿಗೆ, ಹಳೇದೋ ಹಾಫೋ ಹಿಂದಿನವರಿಗೆ. ಯಾಕಂದ್ರೆ ಅದನ್ನ ನಾವು ಕೊಂಡಿದ್ದು ಪೊಲೀಸರಿಗೆ ತೋರಿಸೋಕೆ.

ಕರ್ನಾಟಕದಲ್ಲಿ ಹಿಂಬದಿ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಆಗಿದ್ದು 2016ರ ಜನವರಿಯಲ್ಲಿ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ, ಪೇಟ ಧರಿಸುವ ಸಿಖ್ಖರನ್ನು ಬಿಟ್ಟು, ನಾಲ್ಕು ವರ್ಷ ಮೇಲ್ಪಟ್ಟ ಎಲ್ಲರಿಗೂ ಹೆಲ್ಮೆಟ್ ಬೇಕು. ಕಾಯ್ದೆಯಲ್ಲಿ ದಂಡ 1,000 ರೂಪಾಯಿ, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅಮಾನತು. ನಮ್ಮ ರಾಜ್ಯ ಸರ್ಕಾರ ದಂಡವನ್ನು 500ಕ್ಕೆ ಇಳಿಸಿತು. ಒಂಬತ್ತು ತಿಂಗಳಿಂದ ನಾಲ್ಕು ವರ್ಷದೊಳಗಿನ ಮಕ್ಕಳಿಗೂ ಈಗ ಪ್ರತ್ಯೇಕ ನಿಯಮ ಇದೆ: ಮಗುವಿಗೆ ಹೆಲ್ಮೆಟ್, ಓಡಿಸುವವರಿಗೆ ಕಟ್ಟಿಕೊಳ್ಳುವ ಬೆಲ್ಟ್, ಸ್ಪೀಡ್ 40 ದಾಟುವಂತಿಲ್ಲ.

ಅಂಗಡಿಗೆ ಹೋದಾಗ

2021ರ ಜೂನ್ 1ರಿಂದ ಬಿಐಎಸ್ ಪ್ರಮಾಣಪತ್ರ ಇಲ್ಲದ ಬೈಕ್ ಹೆಲ್ಮೆಟ್ ತಯಾರಿಸುವುದೂ ಮಾರುವುದೂ ದೇಶದಲ್ಲಿ ಅಪರಾಧ. ಆದರೂ ರಸ್ತೆ ಬದಿಯಲ್ಲಿ ನಕಲಿ ಐಎಸ್‌ಐ ಸ್ಟಿಕ್ಕರ್ ಅಂಟಿಸಿದವು ಸಿಗ್ತಾನೇ ಇವೆ. ಅಸಲಿ ಹೆಲ್ಮೆಟ್ ಮೇಲೆ ಐಎಸ್ 4151 ಅನ್ನುವ ಮಾನದಂಡದ ಸಂಖ್ಯೆ, ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರಬೇಕು. ಆ ನಂಬರನ್ನು "ಬಿಐಎಸ್ ಕೇರ್" ಆ್ಯಪ್‌ನಲ್ಲಿ ಹಾಕಿದರೆ ಯಾವ ಕಂಪನಿಯದು, ಲೈಸೆನ್ಸ್ ಚಾಲ್ತಿಯಲ್ಲಿದೆಯಾ ಅಂತ ಅಂಗಡಿಯಲ್ಲೇ ನಿಂತು ನೋಡಬಹುದು.

ಸೈಜ್ ಮುಖ್ಯ. ಹುಬ್ಬಿನ ಸ್ವಲ್ಪ ಮೇಲೆ ತಲೆ ಸುತ್ತ ಟೇಪ್ ಹಿಡಿದು ಅಳೆಯಿರಿ. ಹೊಸ ಹೆಲ್ಮೆಟ್ ಕೆನ್ನೆಯನ್ನ ಒತ್ತಬೇಕು, ಹಣೆ ನೋಯಬಾರದು. ಪಟ್ಟಿ ಬಿಗಿದು, ಹಿಂದಿನ ಅಂಚು ಹಿಡಿದು ಮೇಲಕ್ಕೆ, ಮುಂದಕ್ಕೆ ಎಳೀರಿ. ಕಳಚಿ ಬಂದರೆ ಅದು ನಿಮ್ಮದಲ್ಲ. ಪಟ್ಟಿ ಮತ್ತು ಗದ್ದದ ನಡುವೆ ಎರಡು ಬೆರಳು ಹೋಗುವಷ್ಟು ಜಾಗ ಸಾಕು. ಪಟ್ಟಿ ಹಾಕದ ಹೆಲ್ಮೆಟ್ ನಿಮಗಿಂತ ಮೊದಲೇ ಹಾರಿಹೋಗಿ ರಸ್ತೆ ಬದಿ ಬಿದ್ದಿರುತ್ತದೆ.

ಥರ್ಮೋಕೋಲ್ ಒಮ್ಮೆ ಕುಗ್ಗಿದರೆ ಮತ್ತೆ ಉಬ್ಬಲ್ಲ. ಹೊರಗೆ ಬರೀ ಗೀರು ಕಂಡರೂ ಅಪಘಾತ ಆದ ಹೆಲ್ಮೆಟ್ ಬದಲಾಯಿಸಲೇಬೇಕು. ಸೆಕೆಂಡ್ ಹ್ಯಾಂಡ್ ಕೊಳ್ಳಬೇಡಿ, ಅದರ ಕಥೆ ನಿಮಗೆ ಗೊತ್ತಿರಲ್ಲ. ಕನ್ನಡಿಗೆ ಸಿಕ್ಕಿಸಿ ಇಡಬೇಡಿ, ಒಳಗೆ ಗುಳಿ ಬೀಳುತ್ತದೆ. ಪೆಟ್ರೋಲ್, ಥಿನ್ನರ್ ಹಾಕಿ ಒರೆಸಬೇಡಿ.

ನಂದಿ ಬೆಟ್ಟಕ್ಕೆ ಹೊರಟವರಿಗೆ

ನಮ್ಮೂರಲ್ಲಿ ಬೈಕ್ ಹುಚ್ಚು ರೀಲ್ಸ್‌ನಿಂದ ಶುರುವಾಗಿದ್ದಲ್ಲ. 1960ರ ದಶಕದಲ್ಲೇ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಜಾವಾ, ಆಮೇಲೆ ಯೆಜ್ಡಿ ಬೈಕುಗಳು ಹೊರಬರ್ತಿದ್ವು. ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಪ್ರತಿ ವರ್ಷ ಜುಲೈನಲ್ಲಿ ಜಾವಾ ದಿನ ಆಚರಿಸೋರು ಇವತ್ತಿಗೂ ಇದ್ದಾರೆ. ಶನಿವಾರ ರಾತ್ರಿ ಪ್ಲಾನ್ ಮಾಡಿ, ಭಾನುವಾರ ನಸುಕಿಗೆ ನಂದಿ ಬೆಟ್ಟ, ರಜೆ ಸಿಕ್ಕರೆ ಮುಳ್ಳಯ್ಯನಗಿರಿ, ಆಗುಂಬೆ. ಅದರ ಮಜಾ ನನಗೂ ಗೊತ್ತು.

ಈ ಗುಂಪುಗಳಿಂದ ಕಲಿಯೋದೂ ಇದೆ. ಬಿದ್ದಾಗ ಮೊದಲು ನೆಲಕ್ಕೆ ಹೋಗೋದು ಅಂಗೈ, ಹಾಗಾಗಿ ಗ್ಲೌಸ್. ಪಾದ ಗಾಡಿ ಕೆಳಗೆ ಸಿಕ್ಕಿಕೊಳ್ಳೋದು ಸಾಮಾನ್ಯ, ಹಾಗಾಗಿ ಕೀಲು ಮುಚ್ಚುವ ಶೂ. ನಮ್ಮ ಬಿಸಿಲಿಗೆ ಗಾಳಿಯಾಡುವ ಮೆಶ್ ಜಾಕೆಟ್ ಸಿಗುತ್ತದೆ. ಭುಜ, ಮೊಣಕೈಯಲ್ಲಿ ಸಿಇ ಗುರುತಿರುವ ಪ್ಯಾಡ್ ಇದೆಯಾ ನೋಡಿ. ದುಡ್ಡು ಕಮ್ಮಿ ಇದ್ರೆ ಕ್ರಮ ಇದು: ಮೊದಲು ಎರಡು ಒಳ್ಳೆ ಹೆಲ್ಮೆಟ್, ಆಮೇಲೆ ಗ್ಲೌಸ್, ಶೂ, ಕೊನೆಗೆ ಜಾಕೆಟ್. ಎಕ್ಸಾಸ್ಟ್ ಬದಲಾಯಿಸೋದು ಈ ಪಟ್ಟಿಯಲ್ಲೇ ಇಲ್ಲ.

ಗೇರ್ ಇದೆ ಅಂತ ಸ್ಪೀಡ್ ಏರಿಸಿದ್ರೆ ಮಾತ್ರ ಲೆಕ್ಕ ತಲೆಕೆಳಗು. ಒಣಗಿದ ಒಳ್ಳೆ ರಸ್ತೆ, ಅಪಾಯ ಕಂಡು ಬ್ರೇಕ್ ಒತ್ತಲು ಒಂದು ಸೆಕೆಂಡ್ ಅಂದ್ಕೊಂಡ್ರೆ, 40ರ ಸ್ಪೀಡ್‌ನಲ್ಲಿ ಗಾಡಿ ನಿಲ್ಲೋಕೆ ಸುಮಾರು 20 ಮೀಟರ್ ಬೇಕು. 60ಕ್ಕೆ 37, 80ಕ್ಕೆ 58. ಸ್ಪೀಡ್ ಎರಡು ಪಟ್ಟು, ದೂರ ಹತ್ತಿರಹತ್ತಿರ ಮೂರು ಪಟ್ಟು. ಮರಳು ಬಿದ್ದಿದ್ರೆ, ಮಳೆ ಬಂದಿದ್ರೆ ಇನ್ನೂ ಜಾಸ್ತಿ. ಎಬಿಎಸ್ ಚಕ್ರ ಲಾಕ್ ಆಗೋದನ್ನ ತಡೆಯುತ್ತದೆ, ಆದರೆ ರಸ್ತೆಯಲ್ಲಿ ಇಲ್ಲದ ಹಿಡಿತವನ್ನ ಎಲ್ಲಿಂದಲೋ ತರೋಕಾಗಲ್ಲ.

ಇನ್ನೊಂದು. ದಾರಿಯಲ್ಲಿ ಯಾರಾದರೂ ಬಿದ್ದಿರೋದು ಕಂಡರೆ ನಿಲ್ಲಿ, 112 ಅಥವಾ 108ಕ್ಕೆ ಫೋನ್ ಮಾಡಿ. ಉಸಿರಾಡ್ತಿದ್ರೆ ಅವರ ಹೆಲ್ಮೆಟ್ ಎಳೆದು ತೆಗೀಬೇಡಿ, ಕತ್ತಿಗೆ ಪೆಟ್ಟಾಗಿರಬಹುದು. ಸಹಾಯ ಮಾಡಿದವರು ಹೆಸರು ಹೇಳಲೇಬೇಕು ಅಂತ ಕಾನೂನು ಒತ್ತಾಯಿಸಲ್ಲ. ಪೊಲೀಸ್, ಕೋರ್ಟ್ ಅಂತ ಹೆದರಿ ಗಾಡಿ ಮುಂದಕ್ಕೆ ಓಡಿಸಬೇಡಿ.

ನಮ್ಮನೇಲಿ ಈಗ ಅಮ್ಮನಿಗೆ ಅವರದೇ ಅಳತೆಯ ಹೆಲ್ಮೆಟ್ ಇದೆ. ತುರುಬು ಅಡ್ಡ ಬರ್ತಿತ್ತು, ಹಾಗಾಗಿ ಗಾಡಿ ಹತ್ತುವಾಗ ಕತ್ತಿನ ಹತ್ರ ಕೆಳಗೆ ಜಡೆ ಹಾಕ್ಕೋತಾರೆ. ಹೂವನ್ನ ಬಾಳೆ ಎಲೆಯಲ್ಲಿ ಕಟ್ಟಿ ಡಿಕ್ಕಿಯಲ್ಲಿಟ್ಟು, ದೇವಸ್ಥಾನದ ಬಾಗಿಲಲ್ಲಿ ಮುಡ್ಕೋತಾರೆ. ಇಷ್ಟೇ ಸುಲಭದ ಕೆಲಸ ಅವತ್ತೇ ಮಾಡ್ಬಹುದಿತ್ತು. ಅವರು ಬೇಡ ಅಂದಾಗ ಗಾಡಿ ಸ್ಟಾರ್ಟ್ ಮಾಡಿದ್ದು ನಾನು.

ಇವತ್ತು ಒಂದು ಕೆಲಸ ಮಾಡಿ. ನಿಮ್ಮನೇಲಿರೋ ಎರಡನೇ ಹೆಲ್ಮೆಟ್ ಎತ್ತಿಕೊಂಡು ಒಳಗೆ ಬೆರಳು ಒತ್ತಿ ನೋಡಿ. ಬರೀ ಸ್ಪಂಜ್ ಸಿಕ್ಕರೆ ಈ ಸಂಚಿಕೆಯನ್ನ ಫ್ಯಾಮಿಲಿ ಗ್ರೂಪ್‌ಗೆ ಕಳಿಸಿ, ಸಂಜೆ ಅಂಗಡಿಗೆ ಹೋಗಿ.