ಡೇಟಾ ಸೆಂಟರಿಗೂ ಬಾಯಾರುತ್ತದೆ

ಬೇಸಿಗೆ ಮಧ್ಯಾಹ್ನ ಬೈಲಹೊಂಗಲದ ಯಾವುದಾದರೂ ಪಡಸಾಲೆಯಲ್ಲಿ ನೀರಿನ ಹರವಿಯನ್ನು ಮುಟ್ಟಿ ನೋಡಿ. ಹೊರಮೈ ಒದ್ದೆ, ತಣ್ಣಗೆ. ಮಣ್ಣಿನಿಂದ ಒಸರಿದ ನೀರು ಆವಿಯಾಗುತ್ತ ಒಳಗಿನ ಬಿಸಿಯನ್ನು ಹೊತ್ತೊಯ್ಯುತ್ತಿರುತ್ತದೆ. ನಮ್ಮ ಫೋಟೊ, ಯುಪಿಐ ಲೆಕ್ಕ, ಎಐ ಉತ್ತರಗಳನ್ನೆಲ್ಲ ಹೊತ್ತ ಡೇಟಾ ಸೆಂಟರ್‌ಗಳಲ್ಲಿ ಹಲವು ತಣ್ಣಗಾಗುವುದೂ ಇದೇ ಉಪಾಯದಿಂದ. ಆದರೆ ಹರವಿಗೆ ಸಾಲುವ ಕೊಡ ಇದಕ್ಕೆ ಸಾಲದು.

ಪಂಪ್‌ಸೆಟ್ ಕರೆಂಟು ತಿಂದು ನೀರೆತ್ತುತ್ತದೆ, ಗಿರಣಿ ಹಿಟ್ಟು ಬೀಸುತ್ತದೆ. ಸರ್ವರ್ ತಿಂದ ಕರೆಂಟೆಲ್ಲ ಬಿಸಿಯಾಗಿಯೇ ಹೊರಬೀಳುತ್ತದೆ. ಒಂದು ಲೀಟರ್ ನೀರು ಆವಿಯಾದರೆ ಸುಮಾರು 0.67 ಯೂನಿಟ್‌ನಷ್ಟು ಬಿಸಿ ಕಳೆಯುತ್ತದೆ. ಒಂದು ಮೆಗಾವಾಟ್ ಬಿಸಿಯನ್ನು ಪೂರ್ತಿ ಹೀಗೇ ಕಳೆಯಲು ಗಂಟೆಗೆ 1,500 ಲೀಟರ್, ದಿನಕ್ಕೆ 36,000 ಲೀಟರ್ ಬೇಕು. 10 ಮೆಗಾವಾಟ್‌ಗೆ (ಈ ವ್ಯವಹಾರದಲ್ಲಿ ಅದು ಸಣ್ಣದೇ) 3.6 ಲಕ್ಷ ಲೀಟರ್. ಜಲಜೀವನ ಮಿಷನ್ ಹಳ್ಳಿಯಲ್ಲಿ ತಲೆಗೆ ದಿನಕ್ಕೆ 55 ಲೀಟರ್ ಎನ್ನುತ್ತದೆ. ಆ ಲೆಕ್ಕದಲ್ಲಿ ಇದು 6,500 ಜನರ ನೀರು! ಕೂಲಿಂಗ್ ಟವರ್‌ನಲ್ಲಿ ಲವಣ ಹೆಚ್ಚಿದಾಗ ಹೊರಚೆಲ್ಲುವ ನೀರು ಬೇರೆ.

ಈ ಸೀಮೆಯಲ್ಲಿ ನೀರೆಂದರೆ ಮಲಪ್ರಭೆ. ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ಕಟ್ಟಿದ ರೇಣುಕಾಸಾಗರ 37 ಟಿಎಂಸಿಗೂ ಹೆಚ್ಚು ಹಿಡಿಯಬಲ್ಲದು, ಆದರೆ ಎಷ್ಟೋ ವರ್ಷ ತುಂಬುವುದೇ ಇಲ್ಲ. ಹುಬ್ಬಳ್ಳಿ-ಧಾರವಾಡ ಕುಡಿಯುವುದೂ ಅದನ್ನೇ. ಮಲಪ್ರಭೆಗೆ ನೀರು ತಿರುಗಿಸಿ ಎನ್ನುವ ಕಳಸಾ-ಬಂಡೂರಿ ಹೋರಾಟ ಹುಟ್ಟಿದ್ದು ಈ ಕೊರತೆಯಿಂದಲೇ. ಇದೇ ನದಿ 2019ರ ಆಗಸ್ಟ್‌ನಲ್ಲಿ ರಾಮದುರ್ಗದ ಮನೆಗಳಿಗೆ ನುಗ್ಗಿತು. ಹೊಳೆದಂಡೆಯ ಜಾಗ ಅಗ್ಗವಾಗಿ ಸಿಕ್ಕರೂ ಅದು ಸರ್ವರ್ ಇಡುವ ಜಾಗವಲ್ಲ.

ನೀರು ಕುಡಿಯದ ದಾರಿಯೂ ಇದೆ. ಟ್ರ್ಯಾಕ್ಟರಿನ ರೇಡಿಯೇಟರ್‌ನಂತೆ ಅದೇ ನೀರನ್ನು ಮುಚ್ಚಿದ ಕೊಳವೆಯಲ್ಲಿ ಸುತ್ತಿಸಿ, ಫ್ಯಾನ್‌ಗಾಳಿಯಿಂದ ಆರಿಸುವುದು. ತಂಪು ಮಾಡಲು ನೀರನ್ನು ಆವಿಯಾಗಿಸದ ಇಂಥ ವಿನ್ಯಾಸವನ್ನು ಮೈಕ್ರೋಸಾಫ್ಟ್ 2024ರಲ್ಲಿ ಪ್ರಕಟಿಸಿತು. ಆದರೆ ನಮ್ಮ ಬಿಸಿಲಿಗೆ ಅದು ಕರೆಂಟು ಹೆಚ್ಚು ತಿನ್ನುತ್ತದೆ, ಫ್ಯಾನ್‌ಗಳು ಹಗಲು ರಾತ್ರಿ ಗುಂಯ್‌ಗುಡುತ್ತವೆ. ಸವದತ್ತಿ ಗುಡ್ಡಗಳಲ್ಲಿ ಗಾಳಿಯಂತ್ರಗಳಿವೆ ನಿಜ, ಗಾಳಿ ನಮ್ಮ ಹೊತ್ತಿಗೆ ಬೀಸಬೇಕಲ್ಲ! ಕರೆಂಟು ಹೋದರೆ ಡೀಸೆಲ್ ಜನರೇಟರ್ ಇದ್ದೇ ಇದೆ, ಅದರ ಹೊಗೆಯೂ. ಊರ ನಡುವೆ ಡೇಟಾ ಸೆಂಟರ್ ಬೇಡ. ಕಿತ್ತೂರಿನ ಪಕ್ಕ ಹಾಯುವ ಪುಣೆ-ಬೆಂಗಳೂರು ಹೆದ್ದಾರಿಯಂಥ ಕಡೆ, ಮನೆಗಳಿಂದ ದೂರ ಇದ್ದರೆ ವಾಸಿ. ಆವಿಯ ವಿಧಾನವೇ ಬೇಕೆಂದರೆ ಪಟ್ಟಣದ ಚರಂಡಿ ನೀರನ್ನು ಶುದ್ಧೀಕರಿಸಿ ಬಳಸಲಿ. ನನ್ನ ಮಟ್ಟಿಗೆ ಕುಡಿಯುವ ನೀರಿನ ಮಾತೇ ಬೇಡ.

ನೌಕರಿಯ ಬಗ್ಗೆಯೂ ಒಂದು ಮಾತು. ಕಟ್ಟುವಾಗ ಕೈಗಳು ಬಹಳ ಬೇಕು, ಕಟ್ಟಿದ ಮೇಲೆ ಬೆರಳೆಣಿಕೆಯಷ್ಟು.

ನಾಳೆ ಯಾರಾದರೂ ನಿಮ್ಮ ಗ್ರಾಮಸಭೆಗೆ ಇಂಥ ಯೋಜನೆ ತಂದರೆ, ಎಷ್ಟು ಕೋಟಿಯದೆಂದು ಅವರೇ ಹೇಳುತ್ತಾರೆ. ನೀವು ಲೀಟರ್ ಕೇಳಿ. ವರ್ಷದ ಸರಾಸರಿ ಬೇಡ, ಏಪ್ರಿಲ್‌ನ ಒಂದು ದಿನದ ಲೆಕ್ಕ ಕೊಡಲಿ. ನೀರಿಗೆ ಮೀಟರ್ ಇರಬೇಕು, ಅದರ ರೀಡಿಂಗ್ ತಿಂಗಳಿಗೊಮ್ಮೆ ಪಂಚಾಯಿತಿ ಫಲಕದಲ್ಲಿ ಬರಬೇಕೆಂದು ಕರಾರಿನಲ್ಲೇ ಬರೆಸಿಕೊಳ್ಳಿ.