ಕಬ್ಬು ಕಡಿಯುವವರ ಕೂಲಿ: ಎರಡು ನಾಡುಗಳ ಒಂದು ಹೋಲಿಕೆ

ಆಯ್ದಕ್ಕಿ ಮಾರಯ್ಯನ ವೃತ್ತಾಂತ ಕನ್ನಡಿಗರಿಗೆ ಅಪರಿಚಿತವಲ್ಲ. ಕಲ್ಯಾಣದ ಅಂಗಳಗಳಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆತನ ಕಾಯಕ. ಒಮ್ಮೆ ಆತನು ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಮಡದಿ ಲಕ್ಕಮ್ಮ ಅದನ್ನು ಹಿಂದಕ್ಕೆ ಚೆಲ್ಲಿ ಬರುವಂತೆ ಹೇಳಿದಳೆಂದು ಪ್ರತೀತಿ. ದುಡಿಮೆಗೆ ಮೀರಿದುದನ್ನು ಪಡೆಯಬಾರದೆಂಬ ಈ ನೀತಿಗೆ ಇನ್ನೊಂದು ಮುಖವೂ ಉಂಟು. ದುಡಿದವನಿಗೆ ಸಲ್ಲತಕ್ಕುದಕ್ಕಿಂತ ಕಡಿಮೆ ಕೊಡಲೂ ಬಾರದು. ಹಾಗಾದರೆ ಒಂದು ದಿನದ ದುಡಿಮೆಗೆ ಸಲ್ಲತಕ್ಕುದು ಎಷ್ಟು? ಒಂದೇ ಬೆಳೆಯನ್ನು ಬೆಳೆಯುವ ಎರಡು ನಾಡುಗಳು ಈ ಪ್ರಶ್ನೆಗೆ ತೀರ ಭಿನ್ನವಾದ ಉತ್ತರಗಳನ್ನು ಕೊಟ್ಟಿವೆ. ಒಂದು ಮಂಡ್ಯ ಸೀಮೆ. ಮತ್ತೊಂದು ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ಪ್ರಾಂತ.

ಕೃಷ್ಣರಾಜಸಾಗರದ ನೀರು ಹುಲಿಕೆರೆಯ ಸುರಂಗವನ್ನು ದಾಟಿ, ಇಂದು ವಿಶ್ವೇಶ್ವರಯ್ಯ ನಾಲೆಯೆಂದು ಹೆಸರಾದ ಕಾಲುವೆಯ ಮೂಲಕ 1930ರ ದಶಕದ ಆರಂಭದಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿಗಳತ್ತ ಹರಿದು ಬಂದಿತು. ಅದುವರೆಗೆ ರಾಗಿ, ಹುರುಳಿಗಳನ್ನು ನೆಚ್ಚಿದ್ದ ನೆಲದಲ್ಲಿ ಬತ್ತವೂ ಕಬ್ಬೂ ತಲೆಯೆತ್ತಿದುವು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಮಂಡ್ಯದಲ್ಲಿ ಸ್ಥಾಪನೆಯಾಯಿತು. ಮುಂದೆ ಮದ್ದೂರು ತಾಲ್ಲೂಕಿನ ಕೊಪ್ಪ ಮತ್ತು ಕೆ.ಎಂ. ದೊಡ್ಡಿಗಳಲ್ಲಿಯೂ ಸಕ್ಕರೆ ಕಾರ್ಖಾನೆಗಳು ಎದ್ದುವು. ಊರೂರಿನಲ್ಲಿ ಆಲೆಮನೆಗಳಂತೂ ಇದ್ದೇ ಇದ್ದುವು. ಈ ಸೀಮೆಯ ಅನ್ನ, ಮದುವೆ, ಮನೆ, ಮಕ್ಕಳ ಓದು ಎಲ್ಲವೂ ಕಬ್ಬಿನ ಹಣವನ್ನು ಅವಲಂಬಿಸಿದ ಕಾಲವೊಂದು ಹೀಗೆ ಆರಂಭವಾಯಿತು.

ಎರಡು ನಾಡುಗಳ ಕೂಲಿಯನ್ನು ಅಂಕಿಗಳಲ್ಲಿ ಇಟ್ಟು ನೋಡಿದರೆ ಮೊದಲ ನೋಟಕ್ಕೆ ದಿಗ್ಭ್ರಮೆಯಾಗುತ್ತದೆ. 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಯ ಅನ್ವಯ ಕರ್ನಾಟಕದಲ್ಲಿ 2025-26ನೆಯ ಸಾಲಿಗೆ ನಿಗದಿಯಾದ ದಿನಗೂಲಿ 370 ರೂಪಾಯಿ. ಆಸ್ಟ್ರೇಲಿಯದಲ್ಲಿ 2025ರ ಜುಲೈ 1ರಿಂದ ಜಾರಿಗೆ ಬಂದ ರಾಷ್ಟ್ರೀಯ ಕನಿಷ್ಠ ವೇತನ ಗಂಟೆಗೆ 24.95 ಡಾಲರ್, ಎಂದರೆ ಆ ವರ್ಷದ ವಿನಿಮಯ ದರದಲ್ಲಿ ಸುಮಾರು 1,400 ರೂಪಾಯಿ. ಅಲ್ಲಿಯ ಒಂದು ಗಂಟೆಯ ಸಂಪಾದನೆ ಇಲ್ಲಿಯ ಸುಮಾರು ನಾಲ್ಕು ದಿನಗಳ ಕೂಲಿಗೆ ಸಮನಾಯಿತು.

ಆದರೆ ಈ ಲೆಕ್ಕವನ್ನು ಹಾಗೆಯೇ ನಂಬತಕ್ಕದ್ದಲ್ಲ. ಡಾಲರಿನಲ್ಲಿ ಗಳಿಸಿದವನು ಡಾಲರಿನಲ್ಲಿಯೇ ವೆಚ್ಚ ಮಾಡಬೇಕು. ಮನೆ ಬಾಡಿಗೆ, ಕ್ಷೌರ, ಬಸ್ಸಿನ ಪ್ರಯಾಣ, ಒಂದು ಹೊತ್ತಿನ ಊಟ ಎಲ್ಲವೂ ಅಲ್ಲಿ ಹಲವು ಪಟ್ಟು ದುಬಾರಿ. ಹಣದ ಕೊಳ್ಳುವ ಶಕ್ತಿಯನ್ನು ಗಣಿಸಿ ತೂಗಿದರೆ, ಸ್ಥೂಲವಾಗಿ ಇಲ್ಲಿಯ ಒಂದು ದಿನದ ಕೂಲಿ ಅಲ್ಲಿಯ ಒಂದು ಗಂಟೆಯ ಕೂಲಿಯ ಸಮೀಪಕ್ಕೆ ಬರುತ್ತದೆ. ಅಂತರ ಬಹಳಷ್ಟು ತಗ್ಗಿತು, ಆದರೆ ಅಳಿಯಲಿಲ್ಲ. ಬಿಸಿಲು ಎರಡು ಕಡೆಯೂ ಬಿಸಿಲೇ, ಬೆವರು ಎರಡು ಕಡೆಯೂ ಬೆವರೇ. ಹೀಗಿದ್ದೂ ಇಷ್ಟು ಅಂತರ ಉಳಿದುದೇಕೆ?

ಕ್ವೀನ್ಸ್‌ಲ್ಯಾಂಡ್ ಮೊದಲಿನಿಂದಲೂ ಉದಾರ ನಾಡಾಗಿತ್ತೆಂದು ಭಾವಿಸುವುದು ತಪ್ಪು. 1863ರಿಂದ 1904ರವರೆಗೆ ಪೆಸಿಫಿಕ್ ಸಾಗರದ ದ್ವೀಪಗಳಿಂದ ಸುಮಾರು 62,000 ಮಂದಿಯನ್ನು ಅಲ್ಲಿಗೆ ಕರಾರಿನ ಆಳುಗಳನ್ನಾಗಿ ತರಲಾಯಿತು. ಅವರಲ್ಲಿ ಅನೇಕರು ಮೋಸದಿಂದಲೋ ಬಲಾತ್ಕಾರದಿಂದಲೋ ಹಡಗು ಹತ್ತಿದವರು. 1868ರ ಕಾಯಿದೆ ಅವರಿಗೆ ಗೊತ್ತುಪಡಿಸಿದ ಸಂಬಳ ವರ್ಷಕ್ಕೆ ಆರು ಪೌಂಡು. ಕಾಡು ಕಡಿದು ಕಬ್ಬಿನ ತೋಟಗಳನ್ನು ಎಬ್ಬಿಸಿದವರು ಅವರೇ. ಆದರೆ 1901ರಲ್ಲಿ ಆಸ್ಟ್ರೇಲಿಯ ಒಕ್ಕೂಟ ರಚನೆಯಾದೊಡನೆ, ಬಿಳಿಯರಿಗೆ ಮಾತ್ರ ಆ ನಾಡೆಂಬ ನೀತಿಯಿಂದ ಅವರನ್ನು ಹೊರಗಟ್ಟುವ ಕಾನೂನು ಬಂದಿತು. 1906ರಿಂದ ಸಾವಿರಾರು ಮಂದಿಯನ್ನು ಹಡಗುಗಳಲ್ಲಿ ಹಿಂದಕ್ಕೆ ಸಾಗಿಸಲಾಯಿತು. ಅಲ್ಲಿಯ ಅಧಿಕ ಕೂಲಿಯ ಬುಡದಲ್ಲಿ ಈ ಅನ್ಯಾಯವೂ ಹೂತುಹೋಗಿದೆ ಎಂಬುದನ್ನು ಹೋಲಿಕೆ ಮಾಡುವವರು ಮರೆಯಲಾಗದು.

ಅಗ್ಗದ ಆಳುಗಳು ಇಲ್ಲವಾದ ಮೇಲೆ ಕೈಗಳಿಗೆ ಬರ ಬಂದಿತು. ಬರ ಬಂದ ಕೈಗಳು ಒಂದುಗೂಡಿದುವು. 1907ರಲ್ಲಿ ನ್ಯಾಯಾಧೀಶ ಹಿಗ್ಗಿನ್ಸ್ ಅವರು ಬೇಸಾಯ ಯಂತ್ರಗಳ ಕಾರ್ಖಾನೆಯೊಂದರ ವ್ಯಾಜ್ಯದಲ್ಲಿ ಮಹತ್ತರವಾದ ತೀರ್ಪನ್ನಿತ್ತರು. ಕೂಲಿಯನ್ನು ಮಾಲಿಕನ ಅನುಕೂಲದಿಂದಲ್ಲ, ನಾಗರಿಕ ಸಮಾಜದಲ್ಲಿ ಬಾಳುವ ಮನುಷ್ಯನೊಬ್ಬನ ಸಹಜವಾದ ಅಗತ್ಯಗಳಿಂದ ಅಳೆಯಬೇಕೆಂದು ಹೇಳಿ, ಕುಶಲತೆಯಿಲ್ಲದ ಕೆಲಸಗಾರನಿಗೂ ದಿನಕ್ಕೆ ಏಳು ಷಿಲಿಂಗ್‌ಗಳನ್ನು ನಿಗದಿ ಮಾಡಿದರು. 1911ರಲ್ಲಿ ಸಕ್ಕರೆ ಕೆಲಸಗಾರರು ದೊಡ್ಡ ಮುಷ್ಕರ ಹೂಡಿ ಎಂಟು ಗಂಟೆಯ ದುಡಿಮೆಗಾಗಿ ಹೋರಾಡಿದರು. 1934ರಲ್ಲಿ ಗದ್ದೆಯ ಇಲಿಗಳಿಂದ ಹರಡುವ ಮಾರಕ ಜ್ವರಕ್ಕೆ ಕಟಾವಿನವರು ತುತ್ತಾಗತೊಡಗಿದಾಗ, ಕಡಿಯುವ ಮೊದಲು ಕಬ್ಬಿಗೆ ಬೆಂಕಿಯಿಟ್ಟು ಇಲಿಗಳನ್ನು ಓಡಿಸಬೇಕೆಂದು ಮತ್ತೆ ಮುಷ್ಕರ ಹೂಡಿದರು. ಕೂಲಿಯಷ್ಟೇ ಅಲ್ಲ, ದುಡಿಯುವವನ ಪ್ರಾಣವೂ ಒಪ್ಪಂದದ ವಿಷಯವೆಂದು ಅವರು ಸಾಧಿಸಿದರು.

ಆಮೇಲೆ ಬಂದುದು ಯಂತ್ರ. 1970ರ ದಶಕ ಮುಗಿಯುವ ವೇಳೆಗೆ ಆ ನಾಡಿನಲ್ಲಿ ಮಚ್ಚು ಹಿಡಿದು ಕಬ್ಬು ಕಡಿಯುವವರೇ ಇಲ್ಲವಾದರು. ಅಲ್ಲಿಯ ಕಬ್ಬಿನ ತೋಟದ ಸರಾಸರಿ ವಿಸ್ತಾರ ಸುಮಾರು ನೂರು ಹೆಕ್ಟೇರು. ಕಟಾವು ಯಂತ್ರದ ಚಾಲಕನೊಬ್ಬನು ಗಂಟೆಯೊಂದಕ್ಕೆ ಹತ್ತಾರು ಟನ್ ಕಬ್ಬನ್ನು ತುಂಡರಿಸುತ್ತಾನೆ. ಒಂದು ಟನ್ನಿನ ಮೇಲೆ ಬೀಳುವ ಕೂಲಿಯ ಭಾರ ಅತ್ಯಲ್ಪವಾದುದರಿಂದಲೇ ಆ ಒಬ್ಬನಿಗೆ ಅಷ್ಟು ವೇತನ ಕೊಡುವುದು ಸಾಧ್ಯವಾಗಿದೆ.

ಮಂಡ್ಯ ಸೀಮೆಯ ಸ್ಥಿತಿ ಬೇರೆ. ಇಲ್ಲಿಯ ಬಹುಪಾಲು ಹಿಡುವಳಿಗಳು ಒಂದು ಹೆಕ್ಟೇರಿಗಿಂತಲೂ ಚಿಕ್ಕವು. ಗದ್ದೆಯ ಬದು, ಸಾಲಿನ ಅಂತರ, ಕಾಲುವೆಯ ಕೆಸರು ಇವೆಲ್ಲ ಯಂತ್ರಕ್ಕೆ ಅಡ್ಡಿ. ಕೈಯಿಂದ ಕಡಿಯುವವನು ದಿನವೆಲ್ಲ ಬಗ್ಗಿ ದುಡಿದರೂ ಒಂದು ಟನ್ನಿನ ಆಚೀಚೆ ಮಾತ್ರ. ಜಲ್ಲೆ ಕಡಿಯುವುದು, ತರಗು ಸುಲಿಯುವುದು, ಸೋಗೆ ಬೇರ್ಪಡಿಸುವುದು, ಕಂತೆ ಕಟ್ಟುವುದು, ತಲೆಯ ಮೇಲೆ ಹೊತ್ತು ಲಾರಿಗೆ ಏರಿಸುವುದು ಎಲ್ಲವೂ ಆ ಟನ್ನಿನ ಲೆಕ್ಕದಲ್ಲಿಯೇ ಅಡಗಿವೆ. ಸ್ಥಳೀಯರೊಡನೆ ಬಳ್ಳಾರಿ ಸೀಮೆಯಿಂದಲೂ ತಂಡಗಳು ಬಂದು ಗದ್ದೆಯ ಅಂಚಿನ ಗುಡಿಸಿಲುಗಳಲ್ಲಿ ತಂಗುತ್ತವೆ. ಮೇಸ್ತ್ರಿಯಿಂದ ಪಡೆದ ಮುಂಗಡ ತೀರುವವರೆಗೆ ಕೂಲಿಯ ಬಹುಭಾಗ ಅದಕ್ಕೇ ವಜಾ ಆಗುತ್ತದೆ.

ಈ ಕೂಲಿಯನ್ನು ತೆರುವವರು ಯಾರೆಂಬುದು ಮುಖ್ಯವಾದ ಪ್ರಶ್ನೆ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ, ಶೇಕಡ 10.25ರ ಇಳುವರಿಗೆ, ಟನ್ ಕಬ್ಬಿಗೆ 3,550 ರೂಪಾಯಿಗಳ ಬೆಲೆಯನ್ನು ನಿಗದಿಪಡಿಸಿತು. ಈ ಬೆಲೆ ಕಾರ್ಖಾನೆಯ ಬಾಗಿಲಿಗೆ ತಲುಪಿಸಿದ ಕಬ್ಬಿಗೆ. ಕಾರ್ಖಾನೆಯೇ ತಂಡವನ್ನು ಕಳುಹಿಸಿದರೆ ಕಟಾವು ಮತ್ತು ಸಾಗಣೆಯ ವೆಚ್ಚವನ್ನು ರೈತನ ಹಣದಲ್ಲಿ ಮುರಿದುಕೊಳ್ಳುತ್ತದೆ. ರೈತನೇ ಕರೆತಂದರೆ ಆತನೇ ಕೊಡುತ್ತಾನೆ. ಹೇಗಾದರೂ ಕಡಿಯುವವನ ಕೂಲಿಯ ಪ್ರತಿಯೊಂದು ರೂಪಾಯಿಯೂ ಎರಡು ಎಕರೆಯ ಒಡೆಯನ ಜೇಬಿನಿಂದ ಬರಬೇಕು. ಬಡವನ ಕೂಲಿ ಬಡವನ ಬೆಳೆಯೊಡನೆ ಸೆಣಸುವ ಈ ಏರ್ಪಾಡಿನಲ್ಲಿ ಇಬ್ಬರೂ ಸೊರಗುತ್ತಾರೆ. ಕ್ವೀನ್ಸ್‌ಲ್ಯಾಂಡಿಗೂ ಮಂಡ್ಯಕ್ಕೂ ಇರುವ ನಿಜವಾದ ಅಂತರ ಇಲ್ಲಿದೆ.

ಹೀಗೆಂದು ದೂರದ ನಾಡನ್ನಷ್ಟೇ ನೋಡುತ್ತ ಕುಳಿತರೆ ಹತ್ತಿರದ ಅಂತರ ಕಣ್ಣಿಗೆ ಬೀಳದು. ಸಕ್ಕರೆ ಕಾರ್ಖಾನೆಯ ಗೇಟಿನ ಒಳಗೆ ದುಡಿಯುವ ಖಾಯಂ ನೌಕರನಿಗೆ 1952ರ ಭವಿಷ್ಯನಿಧಿ ಕಾಯಿದೆ, 1965ರ ಬೋನಸ್ ಕಾಯಿದೆ, 1972ರ ಗ್ರಾಚ್ಯುಯಿಟಿ ಕಾಯಿದೆಗಳ ಆಸರೆ ದೊರೆಯಿತು. ಸಂಘವಿತ್ತು, ಪಾಳಿಯ ಗಂಟೆಗಳಿದ್ದುವು, ರಜೆಯಿತ್ತು. ಅದೇ ಗೇಟಿನ ಹೊರಗೆ ಅದೇ ಕಬ್ಬನ್ನು ಕಡಿದು ತಂದವನಿಗೆ ಇವೊಂದೂ ಇರಲಿಲ್ಲ. 1948ರ ಕನಿಷ್ಠ ವೇತನ ಕಾಯಿದೆ ಹೊಲದ ಕೂಲಿಯನ್ನೂ ಒಳಗೊಂಡಿತ್ತು. ಆದರೆ ಹೊಲದಲ್ಲಿ ಹಾಜರಿ ಪುಸ್ತಕವಿಲ್ಲ. 1976ರ ಸಮಾನ ವೇತನ ಕಾಯಿದೆ ಹೆಣ್ಣು ಗಂಡುಗಳಿಗೆ ಸಮಾನ ಕೂಲಿಯನ್ನು ವಿಧಿಸಿತು. ಆಸ್ಟ್ರೇಲಿಯದಲ್ಲಿ 1969 ಮತ್ತು 1972ರ ತೀರ್ಪುಗಳು ಇದೇ ತತ್ತ್ವವನ್ನು ಎತ್ತಿಹಿಡಿದಿದ್ದುವು. ಆದರೂ ಹಳ್ಳಿಗಳಲ್ಲಿ ಇಂದಿಗೂ ಹೆಣ್ಣಾಳಿನ ಕೂಲಿ ಒಂದು, ಗಂಡಾಳಿನ ಕೂಲಿ ಇನ್ನೊಂದು. ಎರಡು ದೇಶಗಳ ನಡುವಣ ಅಂತರದಷ್ಟೇ ಆಳವಾದ ಕಂದಕ ಒಂದು ಗೇಟಿನ ಎರಡು ಬದಿಗಳಲ್ಲಿದೆ.

ಕಟಾವು ಯಂತ್ರಗಳು ಈಗ ಕರ್ನಾಟಕಕ್ಕೂ ಬಂದಿವೆ. ಕ್ವೀನ್ಸ್‌ಲ್ಯಾಂಡಿನಲ್ಲಿ ಮಚ್ಚು ಕೆಳಗಿಟ್ಟವನಿಗೆ ಬೇರೆ ಕೆಲಸ ಕಾದಿತ್ತು. ಇಲ್ಲಿ ಕಾಯಬೇಕಾದುದೇನು ಎಂಬುದು ಶಾಲೆಗಳನ್ನು ನಡೆಸುವವರು ಉತ್ತರಿಸಬೇಕಾದ ಪ್ರಶ್ನೆ. ಗದ್ದೆಯಂಚಿನ ಗುಡಿಸಿಲಿನಲ್ಲಿ ಹಂಗಾಮು ಕಳೆಯುವ ಮಗು ತನ್ನೂರಿನ ಶಾಲೆಯಿಂದ ತಿಂಗಳುಗಟ್ಟಲೆ ದೂರವಾಗುತ್ತದೆ. ಓದು ತಪ್ಪಿದ ಆ ಮಗುವಿನ ಕೈಗೆ ಮಚ್ಚು ಬರುತ್ತದೆ. ಆ ಮಚ್ಚಿಗೂ ಕೆಲಸವಿಲ್ಲದ ಕಾಲ ಸಮೀಪಿಸುತ್ತಿದೆ.

ಆದುದರಿಂದ ಇಂಥ ಮಗುವನ್ನು ಹಂಗಾಮಿನ ಮಟ್ಟಿಗಾದರೂ ಹತ್ತಿರದ ಶಾಲೆಗೆ ಕರೆತರುವುದು ಅಧ್ಯಾಪಕರಿಂದ ಆಗಬಹುದಾದ ಕಾರ್ಯ. ಅದಕ್ಕೆ ಊಟ, ವಸತಿಗಳನ್ನು ಒದಗಿಸುವುದು ದಾನಿಗಳಿಂದ ಸಾಧ್ಯ. ಮಠಗಳ ದಾಸೋಹ ಪರಂಪರೆಗೆ ಇದು ಹೊಸತೂ ಅಲ್ಲ. ಇನ್ನು ಜಮೀನುಳ್ಳ ಹಳೆಯ ವಿದ್ಯಾರ್ಥಿಗಳು ಹೆಣ್ಣಾಳಿಗೂ ಗಂಡಾಳಿಗೂ ಒಂದೇ ಕೂಲಿಯನ್ನು, ಮುಂಗಡದ ಲೆಕ್ಕವನ್ನು ಬರೆದಿಟ್ಟು, ಕೈಗೆ ಕೊಡುವುದಕ್ಕೆ ಯಾವ ಕಾನೂನಿಗೂ ಕಾಯಬೇಕಾಗಿಲ್ಲ. ಲಕ್ಕಮ್ಮ ಹೆಚ್ಚಿನ ಅಕ್ಕಿಯನ್ನು ಹಿಂದಿರುಗಿಸಿದಳು. ಕಡಿಮೆ ಬಿದ್ದ ಅಕ್ಕಿಯನ್ನು ಅಳೆದು ತುಂಬುವ ಹೊಣೆ ಈಗ ಉಳ್ಳವರದು.